ಪಾಪರ್ ಅರ್ಜಿ ಹಾಕೋಕೆ ಹೊರಟು ಫೋನಲ್ಲಿ ಹುಡುಕಾಡಿದ್ದು

ತುಮಕೂರಲ್ಲಿ ನಂದೊಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇತ್ತು. 2020ರ ಲಾಕ್‌ಡೌನಲ್ಲಿ ಮದುವೆ ಇಲ್ಲ, ಜಾತ್ರೆ ಇಲ್ಲ, ಹುಟ್ಟುಹಬ್ಬಕ್ಕೆ ಬ್ಯಾನರ್ ಕಟ್ಟಿಸ್ತಿದ್ದ ಮರಿ ಲೀಡರ್‌ಗಳೂ ನಾಪತ್ತೆ, ಮೆಷಿನ್ ಲೋನ್ ಕಂತು ಕಟ್ಟೋಕೆ ಪರ್ಸನಲ್ ಲೋನ್ ತಗೊಂಡೆ, ಅದನ್ನ ಕಟ್ಟೋಕೆ ಕ್ರೆಡಿಟ್ ಕಾರ್ಡ್ ಉಜ್ಜಿದೆ, ಹಿಂಗೇ 2022ರ ಹೊತ್ತಿಗೆ 14 ಲಕ್ಷ ಸಾಲ. ಊರಲ್ಲಿ ಯಾರನ್ನಾದ್ರೂ ಕೇಳಿದ್ರೆ ಸಂಜೆಯೊಳಗೆ "ಅವ್ನು ಪಾಪರ್ ಎದ್ದೋದ" ಅಂತ ಟೀ ಅಂಗಡೀಲಿ ಸುದ್ದಿ ಆಗೋದು. ಅದಕ್ಕೇ ಮನೆಯೋರೆಲ್ಲ ಮಲಗಿದ್ಮೇಲೆ ಫೋನ್ ಹಿಡ್ಕೊಂಡು ಕೂತ್ಕೋತಿದ್ದೆ.

ಮೊದ್ಲು ಎರಡು ವಾರ ದಂಡ. ಚಾಪ್ಟರ್ 7, ಚಾಪ್ಟರ್ 13 ಅಂತೆಲ್ಲ ಓದಿ, ಅರ್ಜಿ ಹಾಕಿದ ಕೂಡ್ಲೇ ಸಾಲ ಕೊಟ್ಟೋರು ಫೋನ್ ಕೂಡ ಮಾಡಂಗಿಲ್ಲ ಅಂತ ಖುಷಿ ಪಟ್ಟು, ಕೊನೆಗೆ ನೋಡಿದ್ರೆ ಅದು ಅಮೆರಿಕದ ಕಾನೂನು! ಆಮೇಲೆ ನಮ್ ದೇಶದ ವಿಡಿಯೋಗಳು. 2016ರ ಐಬಿಸಿ (ಹೊಸ ದಿವಾಳಿ ಕಾನೂನು) ಪ್ರಕಾರ ಯಾರ್ ಬೇಕಾದ್ರೂ ದಿವಾಳಿ ಅರ್ಜಿ ಹಾಕ್ಬೋದು ಅಂತ ಒಬ್ಬ ಕೋಟು ಹಾಕ್ಕೊಂಡು ಹೇಳ್ತಿದ್ದ. ಅನುಮಾನ ಬಂದು ಸರ್ಕಾರದ ಇಂಡಿಯಾ ಕೋಡ್ ಸೈಟಲ್ಲಿ ಮೂಲ ಕಾಯ್ದೆನೇ ತೆಗೆದೆ. ಕಾನೂನು ಪಾಸ್ ಆಗೋದು ಬೇರೆ, ಜಾರಿಗೆ ಬರೋದು ಬೇರೆ ಅಂತ ಅವತ್ತೇ ನಂಗೆ ಗೊತ್ತಾಗಿದ್ದು. ಅದ್ರಲ್ಲಿ ವ್ಯಕ್ತಿಗಳಿಗೆ ಅಂತ ಇರೋ ಭಾಗ 2019ರ ಡಿಸೆಂಬರ್ 1ರಿಂದ ಜಾರಿ ಆಗಿದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತೋರಿಗೆ ಮಾತ್ರ. ನನ್ನಂಥ ಅಂಗಡಿಯೋನಿಗೆ ಇನ್ನೂ ಬ್ರಿಟಿಷರ ಕಾಲದ 1920ರ ಪ್ರಾಂತೀಯ ದಿವಾಳಿ ಕಾಯ್ದೆನೇ ಗತಿ, ಅರ್ಜಿ ಹಾಕ್ಬೇಕಾಗಿದ್ದು ಜಿಲ್ಲಾ ಕೋರ್ಟಲ್ಲಿ. ಅದರ 10ನೇ ಸೆಕ್ಷನ್ನಲ್ಲಿ ಸಾಲ 500 ರೂಪಾಯಿ ಇದ್ರೂ ಅರ್ಜಿ ಹಾಕ್ಬೋದು ಅಂತಿದೆ, ಆ ಸಂಕಟದಲ್ಲೂ ನಗು ಬಂತು.

ಇದರ ಮಧ್ಯೆ ಸಾಲ ಕಡಿಮೆಗೆ ಮುಗಿಸ್ಕೊಡ್ತೀವಿ ಅನ್ನೋ ಒಂದು ಸೆಟಲ್‌ಮೆಂಟ್ ಕಂಪನಿಗೆ 18 ಸಾವಿರ ಕಟ್ಟಿ ಮೋಸ ಹೋದೆ. ಇಎಂಐ ನಿಲ್ಸಿ, ಮಿಕ್ಕಿದ್ದು ನಾವ್ ನೋಡ್ಕೋತೀವಿ ಅಂದ್ರು, ನಿಲ್ಲಿಸ್ದೆ, ಅವರ ಫೋನೂ ನಿಂತೋಯ್ತು. ರಿಕವರಿಯೋರು ರಾತ್ರಿ 9ಕ್ಕೆ ಬಾಗಿಲಿಗೆ ಬರೋಕೆ ಶುರು ಮಾಡಿದ್ರು. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡಂಗಿಲ್ಲ ಅಂತ ಆರ್‌ಬಿಐದು 2022ರ ಆಗಸ್ಟಿನ ಸುತ್ತೋಲೆ ಇತ್ತು, ಅದನ್ನ ಲಗತ್ತಿಸಿ ಬ್ಯಾಂಕಿಗೆ ಮೇಲ್ ಹಾಕಿದ್ಮೇಲೆ ರಾತ್ರಿ ಕಾಟ ನಿಂತೋಯ್ತು. ಅಷ್ಟು ದಿನ ಹುಡುಕಿದ್ದಕ್ಕೆ ಕೈಗೆ ಸಿಕ್ಕ ಲಾಭ ಅಂದ್ರೆ ಅದೊಂದೇ.

ಕೊನೆಗೆ ಪ್ರಿಂಟ್‌ಔಟ್‌ಗಳನ್ನೆಲ್ಲ ಪಿನ್ ಹಾಕ್ಕೊಂಡು ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಅಲ್ಲಿದ್ದ ಲಾಯರ್ ಮೇಡಂ ಒಂದೊಂದೇ ಹಾಳೆ ತಿರುವಿದ್ರು. ಸೈಟನ್ನ ಹೆಂಡ್ತಿ ಹೆಸರಿಗೆ ದಾನಪತ್ರ ಮಾಡಿ ಅಂತ ಯಾರೋ ಕೊಟ್ಟಿದ್ದ ಸಲಹೆನೂ ಅದ್ರಲ್ಲಿತ್ತು. ಅದಕ್ಕೆ ಅಡ್ಡ ಗೀಟು ಹಾಕಿ, "ಇದ್ ಮಾಡ್ಬಿಟ್ಟೀರಾ, ಎರಡು ವರ್ಷದೊಳಗೆ ಹಾಕಿದ ಅರ್ಜಿ ಮೇಲೆ ದಿವಾಳಿ ಅಂತ ಘೋಷಣೆ ಆದ್ರೆ ಕೋರ್ಟು ರದ್ದು ಮಾಡ್ಬೋದು" ಅಂದ್ರು. ಮೆಷಿನ್ ಅಡ ಇರೋದ್ರಿಂದ ನಾನು ಪಾಪರ್ ಆದ್ರೂ ಬ್ಯಾಂಕ್ ಅದನ್ನ ಬಿಡಲ್ಲ ಅಂದ್ರು. ಆಮೇಲೆ ಕನ್ನಡಕ ತೆಗೆದು, "ಲೋನಿಗೆ ಜಾಮೀನು ಯಾರ್ ಹಾಕಿರೋದು?" ಅಂತ ಕೇಳಿದ್ರು.

ನನ್ನ ಬಾಮೈದ.

ಎದೆ ಧಸಕ್ ಅಂತು. ತಿಂಗಳುಗಟ್ಲೆ ಹುಡುಕಿದೀನಿ, ಎಲ್ಲಾ 'ನನ್ ಸಾಲ, ನನ್ ಸೈಟು, ನನ್ ಅಂಗಡಿ' ಅಂತಲೇ ಹುಡುಕಿದ್ದು, ಅವನ ಸಹಿ ವಿಷ್ಯ ಒಂದ್ ಸಲನೂ ಟೈಪ್ ಮಾಡಿರ್ಲಿಲ್ಲ. ಮೇಡಂ ಬೆರಳಿಟ್ಟು ತೋರ್ಸಿದ್ದು ಅದೇ 1920ರ ಕಾಯ್ದೆಯ 44ನೇ ಸೆಕ್ಷನ್, ನಂಗೆ ಸಾಲದಿಂದ ಬಿಡುಗಡೆ ಸಿಕ್ರೂ ಜಾಮೀನುದಾರನಿಗೆ ಬಿಡುಗಡೆ ಇಲ್ಲ. ಆ ಪುಟ ನನ್ನ ಪ್ರಿಂಟ್‌ಔಟಲ್ಲೇ ಇತ್ತು, ಹೈಲೈಟರ್ ಕೂಡ ಎಳೆದಿದ್ದೆ, ಪಕ್ಕದ ಸಾಲಿಗೆ.

ಅರ್ಜಿ ಹಾಕ್ಲಿಲ್ಲ. ಮೆಷಿನ್ ಬ್ಯಾಂಕಿಗೆ ಒಪ್ಪಿಸ್ದೆ, ಸೈಟ್ ಮಾರಿ ಮಿಕ್ಕಿದ್ದನ್ನ ಪೂರ್ತಿ ಅಲ್ದೆ ಮಾತಾಡ್ಕೊಂಡಷ್ಟು ಕಟ್ಟಿ ಒಂದೊಂದಾಗಿ ಸೆಟಲ್ ಮಾಡ್ದೆ. ಸಿಬಿಲ್‌ನಲ್ಲಿ (ಸಾಲದ ದಾಖಲೆ) ಕ್ಲೋಸ್ಡ್ ಅಂತ ಬರಲ್ಲ, ಸೆಟಲ್ಡ್ ಅಂತಲೇ ಬರುತ್ತೆ, ಹೊಸ ಸಾಲ ಕಷ್ಟ, ಇರ್ಲಿ. ಸೆಟಲ್‌ಮೆಂಟ್ ಲೆಟರ್ ಕೊಡುವಾಗ ಬರೀ ನನ್ ಹೆಸರಷ್ಟೇ ಹಾಕಿದ್ರು, ಕೌಂಟರಿಂದ ಕದಲಲಿಲ್ಲ, ಜಾಮೀನುದಾರನ ಹೊಣೆನೂ ಮುಗೀತು ಅಂತ ಬಾಮೈದನ ಹೆಸರು ಹಾಕಿಸಿ ಸೀಲ್ ಒತ್ತಿಸ್ಕೊಂಡೇ ಬಂದೆ.