ಕ್ಯಾಪ್ಚರ್ ಕಾರ್ಡ್ ಕೊಳ್ಳುವಾಗ ನಾನು ನೋಡುವುದು: ಪಿಎಸ್5, ಸ್ವಿಚ್ ಮತ್ತು ಒಂದು ಲ್ಯಾಪ್‌ಟಾಪ್

ಕ್ಯಾಪ್ಚರ್ ಕಾರ್ಡ್ ಎಂದರೆ ಪಿಎಸ್5, ಸ್ವಿಚ್‌ನಂಥ ಆಟದ ಕನ್ಸೋಲಿನ ಚಿತ್ರವನ್ನೂ ಧ್ವನಿಯನ್ನೂ ಎಚ್‌ಡಿಎಂಐ ಕೇಬಲ್ಲಿನಿಂದ ಪಡೆದು ಕಂಪ್ಯೂಟರಿಗೆ ಕಳಿಸುವ ಸಾಧನ. ಪಿಸಿಯಲ್ಲಿ ಆಡುವ ಆಟವನ್ನು ಅದೇ ಪಿಸಿಯಿಂದ ಸ್ಟ್ರೀಮ್ ಮಾಡುವವರಿಗೆ ಕ್ಯಾಪ್ಚರ್ ಕಾರ್ಡ್ ಬೇಕಾಗಿಯೇ ಇಲ್ಲ. ರೆಕಾರ್ಡ್ ಮತ್ತು ಸ್ಟ್ರೀಮ್ ಮಾಡುವ ಉಚಿತ ತಂತ್ರಾಂಶವಾದ ಒಬಿಎಸ್ ಸ್ಟುಡಿಯೊದಲ್ಲಿ ‘ಗೇಮ್ ಕ್ಯಾಪ್ಚರ್’ ಸೋರ್ಸ್ (ಚಿತ್ರದ ಮೂಲ) ಸೇರಿಸಿದರೆ ಚಿತ್ರ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಿಂದಲೇ ಸಿಗುತ್ತದೆ. ಹೊರಗಿನ ಯಾವ ಕಾರ್ಡೂ ಅದಕ್ಕಿಂತ ಚೆನ್ನಾಗಿ ಕೊಡಲಾರದು. ಆಂಡ್ರಾಯ್ಡ್ ಫೋನಿನಲ್ಲಿ ಆಡುವವರಿಗೂ ನಾನು ಮೊದಲು ಹೇಳುವುದು ಇದನ್ನೇ. ಕಡಿಮೆ ಬೆಲೆಯ ಬಹಳಷ್ಟು ಫೋನುಗಳ ಟೈಪ್-ಸಿ ಪೋರ್ಟಿನಿಂದ ಚಿತ್ರ ಹೊರಗೆ ಬರುವುದೇ ಇಲ್ಲ, ಹಾಗಾಗಿ ಕಾರ್ಡು ತಂದರೂ ಅದಕ್ಕೆ ಜೋಡಿಸಲು ಏನೂ ಇರುವುದಿಲ್ಲ. ಫೋನಿನ ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಎಸ್‌ಸಿಆರ್‌ಸಿಪಿವೈ (scrcpy) ಎಂಬ ಉಚಿತ ತಂತ್ರಾಂಶದಿಂದ ಫೋನಿನ ಪರದೆಯನ್ನು ಕಂಪ್ಯೂಟರಿಗೆ ತಂದು, ಆ ಕಿಟಕಿಯನ್ನು ಒಬಿಎಸ್‌ಗೆ ಕೊಡಬಹುದು. ಆಂಡ್ರಾಯ್ಡ್ 11 ಅಥವಾ ನಂತರದ್ದಾದರೆ ಧ್ವನಿಯೂ ಜೊತೆಗೆ ಬರುತ್ತದೆ.

ಪಿಎಸ್5 ತಾನೇ ಯೂಟ್ಯೂಬ್‌ಗೂ ಟ್ವಿಚ್ ಎಂಬ ಆಟದ ಪ್ರಸಾರ ತಾಣಕ್ಕೂ ನೇರ ಪ್ರಸಾರ ಮಾಡುತ್ತದೆ, ಒಂದು ಗಂಟೆಯವರೆಗೆ ರೆಕಾರ್ಡ್ ಕೂಡ ಮಾಡುತ್ತದೆ. ಕ್ಯಾಮೆರಾ ಚೌಕಟ್ಟು, ತೆರೆಯ ಮೇಲೆ ಕನ್ನಡದ ಕಾಮೆಂಟುಗಳು, ಮೂರು ಗಂಟೆಯ ರೆಕಾರ್ಡಿಂಗ್, ಧ್ವನಿಗೆ ಬೇರೆ ಬೇರೆ ಟ್ರ್ಯಾಕ್ ಬೇಕೆನ್ನುವವರಿಗೆ ಮಾತ್ರ ಅಲ್ಲಿ ಕಾರ್ಡಿನ ಅಗತ್ಯ. ಮೊದಲ ನಿಂಟೆಂಡೊ ಸ್ವಿಚ್‌ನದು ಬೇರೆ ಸಂಗತಿ: ಅದು ಉಳಿಸುವುದು ಕೊನೆಯ 30 ಸೆಕೆಂಡನ್ನು, ಅದೂ 720ಪಿಯಲ್ಲಿ. ಟಿವಿಗೆ ಜೋಡಿಸುವ ಡಾಕ್ ಇರುವ ಸ್ವಿಚ್‌ಗೆ ಕಾರ್ಡು ಬೇಕೇ ಬೇಕು. ಸ್ವಿಚ್ ಲೈಟ್‌ಗೆ ಟಿವಿಗೆ ಚಿತ್ರ ಕಳಿಸುವ ಸೌಲಭ್ಯವೇ ಇಲ್ಲ, ಅದಕ್ಕೆ ಯಾವ ಕಾರ್ಡೂ ಉಪಯೋಗವಿಲ್ಲ.

ಇನ್ನೊಂದು ಮಾತು, ತುಂಬ ಜನ ಕೇಳುವುದರಿಂದ. ಲ್ಯಾಪ್‌ಟಾಪಿನ ಎಚ್‌ಡಿಎಂಐ ಪೋರ್ಟು ಚಿತ್ರವನ್ನು ಹೊರಗೆ ಕಳಿಸಲಿಕ್ಕೆ ಇರುವುದು. ಕನ್ಸೋಲಿನ ಕೇಬಲ್ಲನ್ನು ಅದಕ್ಕೆ ಸಿಕ್ಕಿಸಿದರೆ ಏನೂ ಆಗುವುದಿಲ್ಲ.

ಈಗ ಕಾರ್ಡಿನ ವಿಷಯ. ಡಬ್ಬಿಯ ಮೇಲೆ ದೊಡ್ಡದಾಗಿ ‘4ಕೆ’ ಎಂದಿರುತ್ತದೆ. ಅಗ್ಗದ ಡಾಂಗಲ್‌ಗಳಲ್ಲಿ, ಅಂದರೆ ಪೆನ್‌ಡ್ರೈವ್‌ನಂಥ ಪುಟ್ಟ ಯುಎಸ್‌ಬಿ ಕಾರ್ಡುಗಳಲ್ಲಿ, ಅದರ ಅರ್ಥ ಇಷ್ಟೇ: 4ಕೆ 30 ಹರ್ಟ್ಸ್ ಚಿತ್ರ ಒಳಗೆ ಬಂದರೆ ಅದು ಸ್ವೀಕರಿಸುತ್ತದೆ, ಆಮೇಲೆ 1080ಪಿಗೆ ಇಳಿಸಿ ಕಂಪ್ಯೂಟರಿಗೆ ಕಳಿಸುತ್ತದೆ. ನಮಗೆ ಬೇಕಾದ್ದು ಒಳಗೆ ಹೋಗುವುದರ ಲೆಕ್ಕವಲ್ಲ, ಯುಎಸ್‌ಬಿ ಕಡೆಯಿಂದ ಹೊರಗೆ ಬರುವುದರ ಲೆಕ್ಕ. ಅದನ್ನು ಯಾರು ಬೇಕಾದರೂ ಹಾಕಬಹುದು. 1920 × 1080 ಪಿಕ್ಸೆಲ್, ವೈಯುವೈ2 ಎಂಬ ಒತ್ತದ (ಕಂಪ್ರೆಸ್ ಮಾಡದ) ಸ್ವರೂಪದಲ್ಲಿ ಪಿಕ್ಸೆಲ್‌ಗೆ 2 ಬೈಟ್, ಸೆಕೆಂಡಿಗೆ 60 ಫ್ರೇಮ್: ಸುಮಾರು 249 ಮೆಗಾಬೈಟ್. ಪಿಕ್ಸೆಲ್‌ಗೆ ಒಂದೂವರೆ ಬೈಟ್ ಹಿಡಿಯುವ ಎನ್‌ವಿ12 ಆದರೆ 187 ಮೆಗಾಬೈಟ್. ಯುಎಸ್‌ಬಿ 2.0 ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್. ನಿಜದಲ್ಲಿ ಸೆಕೆಂಡಿಗೆ 35–40 ಮೆಗಾಬೈಟ್ ದಾಟಿಸಿದರೆ ಹೆಚ್ಚು. ಆದ್ದರಿಂದ ಯುಎಸ್‌ಬಿ 2.0 ಡಾಂಗಲ್ ಪ್ರತಿ ಫ್ರೇಮನ್ನೂ ಜೆಪೆಗ್ ಫೋಟೊದಂತೆ ಒತ್ತಿ ಕಳಿಸಲೇಬೇಕು. ಇದೇ ಎಂಜೆಪೆಗ್. ಒತ್ತಿದ ಚಿತ್ರವನ್ನು ನಿಮ್ಮ ಪ್ರೊಸೆಸರ್ ಬಿಚ್ಚಬೇಕು, ಆಮೇಲೆ ಒಬಿಎಸ್ ಅದನ್ನು ಮತ್ತೆ ಒತ್ತಿ ಯೂಟ್ಯೂಬ್‌ಗೆ ಕಳಿಸುತ್ತದೆ, ಯೂಟ್ಯೂಬ್ ಮೂರನೇ ಸಲ ಒತ್ತುತ್ತದೆ. ಕೆಂಪು ಅಕ್ಷರಗಳ ಅಂಚು ಕಲಸಿಹೋಗುವುದು, ಹುಲ್ಲು ಮತ್ತು ಮಳೆಯ ದೃಶ್ಯಗಳಲ್ಲಿ ಚೌಕಚೌಕ ಏಳುವುದು ಇದರಿಂದಲೇ.

ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಬಹುಪಾಲು ಡಾಂಗಲ್‌ಗಳ ಒಳಗಿರುವುದು ಎಂಎಸ್2109 ಎಂಬ ಚಿಪ್, ಮೇಲೆ ಯಾವ ಹೆಸರೇ ಇರಲಿ. ಅದು ಕೆಟ್ಟ ವಸ್ತುವಲ್ಲ. ನಿಧಾನಗತಿಯ ಆಟಕ್ಕೆ, 720ಪಿ ಸ್ಟ್ರೀಮಿಗೆ, ಆನ್‌ಲೈನ್ ಪಾಠಕ್ಕೆ ಕ್ಯಾಮೆರಾ ಜೋಡಿಸಲು ಸಾಕಾಗುತ್ತದೆ. ರೇಸಿಂಗ್ ಅಥವಾ ಶೂಟಿಂಗ್ ಆಟವನ್ನು 1080ಪಿ 60 ಫ್ರೇಮಿನಲ್ಲಿ ಹಿಡಿಯುವ ಆಸೆ ಇದ್ದರೆ ಅದನ್ನು ಕೊಳ್ಳಬೇಡಿ. ಅದರ ಇನ್ನೊಂದು ದೋಷ ಧ್ವನಿಯದು: 48 ಕಿಲೋಹರ್ಟ್ಸ್ ಸ್ಟೀರಿಯೊವನ್ನು 96 ಕಿಲೋಹರ್ಟ್ಸ್ ಮೊನೊ ಎಂದು ಕಂಪ್ಯೂಟರಿಗೆ ಹೇಳುವ ಡಾಂಗಲ್‌ಗಳು ಮಾರುಕಟ್ಟೆಯಲ್ಲಿ ಇನ್ನೂ ಇವೆ. ಅದೇ ಕುಟುಂಬದ ಎಂಎಸ್2130 ಚಿಪ್ ಯುಎಸ್‌ಬಿ 3.0ದ್ದು, 1080ಪಿ 60 ಫ್ರೇಮನ್ನು ಒತ್ತದೆಯೇ ಕೊಡುತ್ತದೆ. ಜೇಬಿಗೆ ಭಾರವಾಗದೆ ಸ್ವಿಚ್ ಸ್ಟ್ರೀಮ್ ಮಾಡಲು ನಾನು ಸೂಚಿಸುವುದು ಇಂಥದ್ದನ್ನು.

ಗುರುತಿಸುವುದು ಹೇಗೆ? ಪ್ಲಗ್ಗಿನ ಒಳಗಿನ ನೀಲಿ ಪ್ಲಾಸ್ಟಿಕ್ಕನ್ನು ನಂಬಬೇಡಿ, 2.0 ಡಾಂಗಲ್‌ಗೂ ನೀಲಿ ಹಾಕುತ್ತಾರೆ. ಪ್ಲಗ್ಗಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ 2.0ಕ್ಕೆ ನಾಲ್ಕು ಲೋಹದ ಪಟ್ಟಿ, 3.0ಕ್ಕೆ ಅದರ ಹಿಂದೆ ಇನ್ನೂ ಐದು. ಪಕ್ಕಾ ಪರೀಕ್ಷೆ ಒಬಿಎಸ್‌ನಲ್ಲಿ ಆಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಥವಾ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲ್ಯಾಪ್‌ಟಾಪ್ ಜೊತೆಗೆ ಒಯ್ಯುವುದು ಒಳ್ಳೆಯದು. ‘ವಿಡಿಯೊ ಕ್ಯಾಪ್ಚರ್ ಡಿವೈಸ್’ ಸೋರ್ಸ್ ಸೇರಿಸಿ, ರೆಸಲ್ಯೂಷನ್ ವಿಧಾನವನ್ನು ‘ಕಸ್ಟಮ್’ ಮಾಡಿ, 1920 × 1080 ಆರಿಸಿ, 60 ಎಫ್‌ಪಿಎಸ್ ಕೊಟ್ಟು, ‘ವಿಡಿಯೊ ಫಾರ್ಮ್ಯಾಟ್’ ಪಟ್ಟಿಯನ್ನು ತೆರೆಯಿರಿ. ವೈಯುವೈ2 ಅಥವಾ ಎನ್‌ವಿ12 ಇದ್ದರೆ ಸರಿ. ಎಂಜೆಪೆಗ್ ಒಂದೇ ಇದ್ದರೆ, ಅಥವಾ ವೈಯುವೈ2 ಆರಿಸಿದೊಡನೆ ವೇಗ 5 ಫ್ರೇಮಿಗೆ ಇಳಿದರೆ, ಅದು 2.0. ಈ ತೀರ್ಪು ಕೊಡುವ ಮೊದಲು ಲ್ಯಾಪ್‌ಟಾಪಿನ ಪೋರ್ಟು ಮತ್ತು ಕೇಬಲ್ ಎರಡೂ 3.0 ಎಂದು ಖಚಿತಪಡಿಸಿಕೊಳ್ಳಿ. ಫೋನ್ ಚಾರ್ಜರಿನ ಜೊತೆ ಬರುವ ಟೈಪ್-ಸಿ ಕೇಬಲ್ ಸಾಮಾನ್ಯವಾಗಿ 2.0 ಮಾತ್ರ; ಒಳ್ಳೆಯ ಕಾರ್ಡನ್ನು ಆ ಕೇಬಲ್ಲಿಗೆ ಹಾಕಿ ಕಾರ್ಡೇ ಕೆಟ್ಟಿದೆ ಎಂದುಕೊಳ್ಳುವವರು ಬಹಳ.

ಹಳೆಯ ಕಾರ್ಡು ಕೊಳ್ಳುವವರು ಹೆಸರಿನ ಕೊನೆಯ ಅಕ್ಷರವನ್ನೂ ಬಿಡದೆ ಓದಬೇಕು. ಎಲ್ಗಾಟೊ ಕಂಪನಿಯ ಎಚ್‌ಡಿ60 ಯುಎಸ್‌ಬಿ 2.0ದ್ದು, ಚಿತ್ರವನ್ನು ಒಳಗೇ ಎಚ್.264 ಎಂಬ ವಿಡಿಯೊ ಸ್ವರೂಪಕ್ಕೆ ಒತ್ತಿ ಕಳಿಸುವುದರಿಂದ ಕಂಪ್ಯೂಟರಿನಲ್ಲಿ ಕಾಣುವಾಗ ಸೆಕೆಂಡುಗಳಲ್ಲಿ ಎಣಿಸುವಷ್ಟು ತಡ. ಎಚ್‌ಡಿ60 ಎಸ್ ಯುಎಸ್‌ಬಿ 3.0ದ್ದು, ಒತ್ತುವುದಿಲ್ಲ, ತಡ ತೀರಾ ಕಡಿಮೆ. ಎಚ್‌ಡಿ60 ಪ್ರೊ ಡೆಸ್ಕ್‌ಟಾಪಿನ ಪಿಸಿಐಇ ಸ್ಲಾಟಿಗೆ ಹಾಕುವುದು, ಲ್ಯಾಪ್‌ಟಾಪಿಗಲ್ಲ. ಎಚ್‌ಡಿ60 ಎಕ್ಸ್ ಟಿವಿಗೆ 4ಕೆ 60 ಎಚ್‌ಡಿಆರ್ (ಹೆಚ್ಚಿನ ಹೊಳಪು, ಬಣ್ಣದ ಚಿತ್ರ) ದಾಟಿಸಿ, ತಾನು 1080ಪಿ 60 ಅಥವಾ 4ಕೆ 30 ಹಿಡಿಯುತ್ತದೆ. 4ಕೆ 60 ಅನ್ನು ಒತ್ತದೆ ಹಿಡಿಯಲು ಎನ್‌ವಿ12ರಲ್ಲೇ ಸೆಕೆಂಡಿಗೆ 746 ಮೆಗಾಬೈಟ್ ಬೇಕು, 5 ಗಿಗಾಬಿಟ್ ಯುಎಸ್‌ಬಿಯಲ್ಲಿ ಅದು ಹಿಡಿಸುವುದಿಲ್ಲ. ಅದಕ್ಕೆ 10 ಗಿಗಾಬಿಟ್ ಯುಎಸ್‌ಬಿ ಅಥವಾ ಪಿಸಿಐಇ ಎಕ್ಸ್4 ಕಾರ್ಡು ಬೇಕು. ಟ್ವಿಚ್‌ನ ಸಾಮಾನ್ಯ ಮಿತಿ 6000 ಕೆಬಿಪಿಎಸ್ ಆಗಿರುವಾಗ, ಸ್ಟ್ರೀಮಿಗೆಂದೇ 4ಕೆ ಕಾರ್ಡಿಗೆ ಹಣ ಹಾಕುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. ಯೂಟ್ಯೂಬ್‌ಗೆ ರೆಕಾರ್ಡ್ ಮಾಡಿ, ಎಡಿಟ್ ಮಾಡಿ ಹಾಕುವವರಿಗೆ ಅದರಿಂದ ಲಾಭವಿದೆ.

ಬೆಲೆಗಿಂತ ಮೊದಲು ಕೇಳಬೇಕಾದ್ದು ಪಾಸ್‌ಥ್ರೂ ಇದೆಯೇ ಎಂದು, ಅಂದರೆ ಕಾರ್ಡಿನಿಂದ ಟಿವಿಗೆ ಹೋಗುವ ಎರಡನೇ ಎಚ್‌ಡಿಎಂಐ ಪೋರ್ಟು. ಒಬಿಎಸ್ ಕಿಟಕಿಯನ್ನು ನೋಡುತ್ತ ಆಡಲು ಯಾವ ಯುಎಸ್‌ಬಿ ಕಾರ್ಡಿನಲ್ಲೂ ಹಿತವಾಗದು. ಗುಂಡಿ ಒತ್ತಿದ್ದಕ್ಕೂ ಪಾತ್ರ ಜಿಗಿದದ್ದಕ್ಕೂ ನಡುವೆ ಅಂತರ ಇದ್ದೇ ಇರುತ್ತದೆ. ಎಷ್ಟು ಅಂತರ ಎಂದು ಅಳೆಯಬಹುದು. ಟಿವಿಯನ್ನೂ ಲ್ಯಾಪ್‌ಟಾಪನ್ನೂ ಅಕ್ಕಪಕ್ಕ ಇಟ್ಟು ಫೋನಿನ 240 ಎಫ್‌ಪಿಎಸ್ ಸ್ಲೋಮೋಷನ್‌ನಲ್ಲಿ ಎರಡನ್ನೂ ಒಟ್ಟಿಗೆ ಚಿತ್ರಿಸಿ. ಟಿವಿಯಲ್ಲಿ ಮೆನು ಬದಲಾದ ಫ್ರೇಮಿನಿಂದ ಲ್ಯಾಪ್‌ಟಾಪಿನಲ್ಲಿ ಬದಲಾದ ಫ್ರೇಮಿನವರೆಗೆ ಎಣಿಸಿ, 4.2ರಿಂದ ಗುಣಿಸಿದರೆ ಮಿಲಿಸೆಕೆಂಡ್ ಸಿಗುತ್ತದೆ. ಪಾಸ್‌ಥ್ರೂ ಇರುವ ಯುಎಸ್‌ಬಿ ಕಾರ್ಡುಗಳಲ್ಲಿ ಹೆಚ್ಚಿನವು ಲ್ಯಾಪ್‌ಟಾಪಿನಿಂದಲೇ ವಿದ್ಯುತ್ ಪಡೆಯುತ್ತವೆ. ಲ್ಯಾಪ್‌ಟಾಪ್ ಆಫ್ ಆದರೆ ಟಿವಿಯೂ ಕಪ್ಪಾಗುತ್ತದೆ, ಗಾಬರಿಯಾಗಬೇಕಿಲ್ಲ.

ಕಾರ್ಡು ಮನೆಗೆ ಬಂತು, ಎಲ್ಲ ಜೋಡಿಸಿದಿರಿ, ಪಿಎಸ್5 ಚಿತ್ರ ಕಪ್ಪು. ಕಾರಣ ಎಚ್‌ಡಿಸಿಪಿ, ನಕಲು ತಡೆಯುವ ಬೀಗ. ಸೆಟ್ಟಿಂಗ್ಸ್ – ಸಿಸ್ಟಮ್ – ಎಚ್‌ಡಿಎಂಐಗೆ ಹೋಗಿ ‘ಎನೇಬಲ್ ಎಚ್‌ಡಿಸಿಪಿ’ ಆಫ್ ಮಾಡಿ. ಆಮೇಲೆ ನೆಟ್‌ಫ್ಲಿಕ್ಸ್‌ನಂಥ ಆ್ಯಪ್ ತೆರೆದರೆ ಮತ್ತೆ ಆನ್ ಮಾಡಲು ಕೇಳುತ್ತದೆ, ಅದು ಸಹಜ. ಪಿಎಸ್3ರಲ್ಲಿ ಈ ಬೀಗ ತೆಗೆಯುವ ಆಯ್ಕೆಯೇ ಇಲ್ಲ, ಅಲ್ಲಿ ಕಾಂಪೊನೆಂಟ್ ಕೇಬಲ್ ಬಳಸಬೇಕು. ಸ್ವಿಚ್ ಆಟಗಳಲ್ಲಿ ಈ ತೊಂದರೆ ಇಲ್ಲ.

ಎಚ್‌ಡಿಸಿಪಿ ತೆಗೆದ ಮೇಲೂ ಕಪ್ಪಾಗಿದ್ದರೆ, ಕಾರ್ಡು ಹಿಡಿಯಲಾಗದ್ದನ್ನು ಕನ್ಸೋಲ್ ಕಳಿಸುತ್ತಿದೆ ಎಂದರ್ಥ. ‘ವಿಡಿಯೊ ಔಟ್‌ಪುಟ್’ ಪುಟದಲ್ಲಿ ರೆಸಲ್ಯೂಷನ್ನನ್ನು ಆಟೊಮ್ಯಾಟಿಕ್‌ನಿಂದ 1080ಪಿಗೆ ತಂದು, ಎಚ್‌ಡಿಆರ್, 120 ಹರ್ಟ್ಸ್, ವಿಆರ್‌ಆರ್ (ಬದಲಾಗುವ ರಿಫ್ರೆಶ್ ವೇಗ) ಮೂರನ್ನೂ ಆಫ್ ಮಾಡಿ ನೋಡಿ. ಚಿತ್ರ ಬಂದ ಮೇಲೆ ಒಂದೊಂದಾಗಿ ಆನ್ ಮಾಡುತ್ತ ಹೋದರೆ ಯಾವುದು ತಡೆಯುತ್ತಿತ್ತು ಎಂದು ತಿಳಿಯುತ್ತದೆ. ಧ್ವನಿಯನ್ನು ಲೀನಿಯರ್ ಪಿಸಿಎಂಗೆ (ಒತ್ತದ ಧ್ವನಿಗೆ) ಇಡಿ. ಡಾಲ್ಬಿ ಬಿಟ್‌ಸ್ಟ್ರೀಮ್ ಬಂದರೆ ಬಹುತೇಕ ಕಾರ್ಡುಗಳಲ್ಲಿ ಮೌನ ಅಥವಾ ಗೊರಗೊರ ಸದ್ದು. ಸ್ವಿಚ್‌ನಲ್ಲಿ ಟಿವಿ ಸೌಂಡ್ ಸ್ಟೀರಿಯೊ ಆಗಿರಲಿ.

ಬಣ್ಣ ತಪ್ಪುವುದಕ್ಕೆ ಎರಡೇ ರೂಪ. ಕಪ್ಪು ಬೂದಿಯಾಗಿ, ಎಲ್ಲ ಮಾಸಿದಂತಿದ್ದರೆ: ಕನ್ಸೋಲ್ 16ರಿಂದ 235ರ ಲಿಮಿಟೆಡ್ ರೇಂಜ್ ಕಳಿಸುತ್ತಿದೆ, ಒಬಿಎಸ್ ಅದನ್ನು 0ರಿಂದ 255ರ ಫುಲ್ ಎಂದು ಓದುತ್ತಿದೆ. ಕತ್ತಲ ದೃಶ್ಯದಲ್ಲಿ ನೆರಳಿನ ವಿವರವೆಲ್ಲ ಮುಳುಗಿದ್ದರೆ ಇದರ ತಿರುಗುಮುರುಗು. ನಾನು ಕನ್ಸೋಲಿನ ಆರ್‌ಜಿಬಿ ರೇಂಜನ್ನು ಲಿಮಿಟೆಡ್‌ಗೆ ಕಟ್ಟಿ, ಒಬಿಎಸ್ ಸೋರ್ಸ್‌ನಲ್ಲೂ ಲಿಮಿಟೆಡ್, ಕಲರ್ ಸ್ಪೇಸ್ 709 ಇಡುತ್ತೇನೆ. ಆಟೊಮ್ಯಾಟಿಕ್‌ಗೆ ಬಿಟ್ಟರೆ ಟಿವಿ ಬದಲಾದಾಗ ಇದೂ ಬದಲಾಗುತ್ತದೆ. ಎಚ್‌ಡಿಆರ್ ಆನ್ ಇದ್ದು ಕಾರ್ಡು ಎಸ್‌ಡಿಆರ್‌ನದಾದರೂ (ಎಚ್‌ಡಿಆರ್ ಹಿಡಿಯದ್ದು) ಬಣ್ಣ ಮಾಸುತ್ತದೆ. ಆಗ ರೇಂಜ್ ಎಷ್ಟು ತಿರುಗಿಸಿದರೂ ಸರಿಹೋಗದು.

ಮಾತು ಮತ್ತು ಚಿತ್ರ ಹೊಂದದಿರುವುದು ನೋಡುಗರಿಗೆ ಬೇಗ ಗೊತ್ತಾಗುವ ದೋಷ. ಚಿತ್ರ ಕಾರ್ಡಿನ ಮೂಲಕ ಸುತ್ತಿ ಬರುತ್ತದೆ, ಮೈಕ್ ನೇರವಾಗಿ ಬರುತ್ತದೆ. ಹಾಗಾಗಿ ನಿಮ್ಮ ‘ಅಯ್ಯೋ’ ಮೊದಲು ಕೇಳಿ, ಗುಂಡು ಆಮೇಲೆ ತಾಗುತ್ತದೆ. ಕಿವಿಯ ಅಂದಾಜಿನಲ್ಲಿ ಇದನ್ನು ಸರಿ ಮಾಡುವುದು ಕಷ್ಟ. ಟಿವಿಯ ಸ್ಪೀಕರ್ ಮುಂದೆ ಮೈಕ್ ಇಟ್ಟು, ಕಾರ್ಡಿನ ಧ್ವನಿ ಒಂದು ಟ್ರ್ಯಾಕಿಗೆ, ಮೈಕ್ ಇನ್ನೊಂದಕ್ಕೆ ಹೋಗುವಂತೆ ಮಾಡಿ, ಮೆನುವಿನ ‘ಟಿಕ್’ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ. ಆಡಾಸಿಟಿ ಎಂಬ ಉಚಿತ ಧ್ವನಿ ತಂತ್ರಾಂಶದಲ್ಲಿ ಎರಡು ಅಲೆಗಳ ನಡುವಿನ ಅಂತರ ಕಣ್ಣಿಗೇ ಕಾಣುತ್ತದೆ. ಮೈಕ್ 80 ಮಿಲಿಸೆಕೆಂಡ್ ಮುಂದಿದ್ದರೆ ‘ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್’ನಲ್ಲಿ ಮೈಕ್‌ನ ಸಿಂಕ್ ಆಫ್‌ಸೆಟ್‌ಗೆ 80 ಕೊಡಿ. ಆರಂಭದಲ್ಲಿ ಹೊಂದಿದ್ದು ಗಂಟೆ ಕಳೆದಂತೆ ಜಾರುತ್ತ ಹೋದರೆ ಆಫ್‌ಸೆಟ್ ಪರಿಹಾರವಲ್ಲ. ವಿಂಡೋಸ್‌ನಲ್ಲೂ ಒಬಿಎಸ್‌ನಲ್ಲೂ ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್ ಇದೆಯೇ ಎಂದು ಮೊದಲು ನೋಡಿ.

ಸ್ಟ್ರೀಮ್ ತಡವರಿಸಿದಾಗ ಎಲ್ಲರೂ ಮೊದಲು ಬೈಯುವುದು ಇಂಟರ್ನೆಟ್ಟನ್ನು. ಒಬಿಎಸ್‌ನ ‘ಸ್ಟ್ಯಾಟ್ಸ್’ ಫಲಕದಲ್ಲಿ ಮೂರು ಸಾಲುಗಳಿವೆ: ರೆಂಡರಿಂಗ್ ಲ್ಯಾಗ್ ಏರಿದರೆ ಗ್ರಾಫಿಕ್ಸ್ ಮೇಲೆ ಹೊರೆ, ಎನ್‌ಕೋಡಿಂಗ್ ಲ್ಯಾಗ್ ಏರಿದರೆ ಚಿತ್ರವನ್ನು ಒತ್ತುವ ಎನ್‌ಕೋಡರ್ ಸಾಲುತ್ತಿಲ್ಲ, ನೆಟ್‌ವರ್ಕ್ ಡ್ರಾಪ್ ಏರಿದರೆ ಮಾತ್ರ ಇಂಟರ್ನೆಟ್. ಮೂರೂ ಸೊನ್ನೆ ಇದ್ದು ಚಿತ್ರ ಮಾತ್ರ ಜಗ್ಗುತ್ತಿದ್ದರೆ ತೊಂದರೆ ಒಬಿಎಸ್‌ಗೆ ಬರುವ ಮೊದಲೇ ಆಗಿದೆ, ಅಂದರೆ ಯುಎಸ್‌ಬಿಯಲ್ಲಿ. ವೆಬ್‌ಕ್ಯಾಮ್ ಮತ್ತು ಹೊರಗಿನ ಹಾರ್ಡ್‌ಡಿಸ್ಕ್ ಎರಡೂ ಅದೇ ಹಬ್‌ನಲ್ಲಿದ್ದರೆ ಬೇರ್ಪಡಿಸಿ. ಕಾರ್ಡನ್ನು ಹಬ್ ಇಲ್ಲದೆ, ಲ್ಯಾಪ್‌ಟಾಪಿನ ಪೋರ್ಟಿಗೇ ಹಾಕಿ. ಪುಟ್ಟ ಡಾಂಗಲ್ ಕೈಗೆ ಬಿಸಿ ತಾಗುವಷ್ಟು ಕಾದಿದ್ದರೆ ಲ್ಯಾಪ್‌ಟಾಪಿನ ಬಿಸಿಗಾಳಿ ಬರುವ ಬದಿಯಿಂದ ದೂರ ಸರಿಸಿ.

ರೆಕಾರ್ಡಿಂಗ್‌ಗೆ ನಾನು ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಎನ್‌ವೆಂಕ್ ಎನ್‌ಕೋಡರ್, ಸಿಕ್ಯುಪಿ (ಗುಣಮಟ್ಟವನ್ನು ಒಂದೇ ಮಟ್ಟದಲ್ಲಿಡುವ ವಿಧಾನ) 20 ಇಡುತ್ತೇನೆ. ಸ್ಟ್ರೀಮ್‌ಗೆ ಸಿಬಿಆರ್ (ಸ್ಥಿರ ಬಿಟ್‌ರೇಟ್), ಕೀಫ್ರೇಮ್ (ಪೂರ್ಣವಾಗಿ ಕಳಿಸುವ ಚಿತ್ರ) 2 ಸೆಕೆಂಡಿಗೊಮ್ಮೆ. ಜಾಗದ ಲೆಕ್ಕ ಸರಳ: ಸರಾಸರಿ 40 ಎಂಬಿಪಿಎಸ್ ಬಂದರೆ ಗಂಟೆಗೆ 18 ಜಿಬಿ, 6000 ಕೆಬಿಪಿಎಸ್ ಸ್ಟ್ರೀಮಿನ ಪ್ರತಿಯನ್ನೇ ಉಳಿಸಿದರೆ 2.7 ಜಿಬಿ. ಕಡತದ ಸ್ವರೂಪ ಎಂಕೆವಿಯೇ ಇರಲಿ. ಸಾಮಾನ್ಯ ಎಂಪಿ4 ತನ್ನ ಸೂಚಿಯನ್ನು ಕೊನೆಯಲ್ಲಿ ಬರೆಯುವುದರಿಂದ ನಡುವೆ ಕರೆಂಟ್ ಹೋಗಿ ಡೆಸ್ಕ್‌ಟಾಪ್ ಆರಿದರೆ ಇಡೀ ಕಡತ ತೆರೆಯದೆ ಹೋಗಬಹುದು. ಎಂಕೆವಿಯಲ್ಲಿ ಆ ಕ್ಷಣದವರೆಗಿನದು ಉಳಿಯುತ್ತದೆ. ಆಮೇಲೆ ‘ಫೈಲ್’ ಮೆನುವಿನ ‘ರೀಮಕ್ಸ್ ರೆಕಾರ್ಡಿಂಗ್ಸ್’ನಲ್ಲಿ ಎಂಪಿ4 ಮಾಡಿಕೊಂಡರೆ ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ, ಎಡಿಟಿಂಗ್ ತಂತ್ರಾಂಶಗಳೂ ತಕರಾರಿಲ್ಲದೆ ತೆರೆಯುತ್ತವೆ.