ಓಣಿಯೊಳಗಿನ ರೊಟ್ಟಿ ವ್ಯಾಪಾರ: ಜೋಳ ಹಿಡಿಯುವುದರಿಂದ ಉದ್ರಿ ವಸೂಲಿವರೆಗೆ

ಬಾದಾಮಿ ಹತ್ತಿರದ ಬನಶಂಕರಿಗೆ ಹೋದವರಿಗೆಲ್ಲ ಗೊತ್ತು. ಸುತ್ತಲ ಊರಿನ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಕೆಂಪು ಚಟ್ನಿ, ಗಡಿಗೆಯಲ್ಲಿ ಮೊಸರು ತಂದು ಗುಡಿಯ ಹತ್ತಿರ ಕೂತಿರುತ್ತಾರೆ. ಅಲ್ಲಿ ಗಿರಾಕಿ ಉಂಡು ಬಸ್ಸು ಹತ್ತುತ್ತಾನೆ. ವಿಜಯಪುರ, ಬಾಗಲಕೋಟೆಯ ಓಣಿಯಲ್ಲಿ ರೊಟ್ಟಿ ಮಾರುವವರ ಗಿರಾಕಿ ಹಾಗಲ್ಲ. ಅವರು ಎದುರುಮನೆ ವೈನಿ, ಮೂಲೆಮನೆ ಕಾಕು. ಇಂದು ರೊಟ್ಟಿ ದಪ್ಪ ಆದರೆ ಸಂಜೆಯೊಳಗೆ ಇಡೀ ಓಣಿಗೆ ಸುದ್ದಿ. ರೊಟ್ಟಿ ಬಡಿಯುವ ಕೈ ನಮ್ಮಲ್ಲಿ ಮನೆಮನೆಗೂ ಇದೆ. ಆದರೆ ಅದೇ ಕೈ ವ್ಯಾಪಾರಕ್ಕಿಳಿದಾಗ ಸೋಲುವುದು ಹಂಚಿನ ಮುಂದೆ ಕಡಿಮೆ, ಲೆಕ್ಕದ ಮುಂದೆ ಹೆಚ್ಚು. ತನ್ನ ಕೂಲಿಯನ್ನು ತಾನೇ ಲೆಕ್ಕಕ್ಕೆ ಹಿಡಿಯದೆ ಬಿಡುವುದೇ ಇದರ ಮೂಲ.

ಮೊದಲು ಜೋಳ. ಖಡಕ್ ರೊಟ್ಟಿಗೆ ಹಿಂಗಾರಿ ಬಿಳಿಜೋಳವೇ ಬೇಕು, ಅದರಲ್ಲೂ ಮಾಲದಂಡಿ ತಳಿ, ಅಂದರೆ ಎಂ 35-1. ಮುಂಗಾರಿ ಹೈಬ್ರಿಡ್ ಜೋಳ ಅಗ್ಗಕ್ಕೆ ಸಿಗುತ್ತದೆ. ಆದರೆ ತೆನೆ ಬಲಿಯುವ ಹೊತ್ತಿಗೆ ಮಳೆ ಹಿಡಿದರೆ ಕಾಳು ಕಪ್ಪಾಗಿ ಬೂಸರು ಬರುತ್ತದೆ, ರೊಟ್ಟಿಗೆ ಬಣ್ಣವೂ ಇರುವುದಿಲ್ಲ, ರುಚಿಯೂ ಇರುವುದಿಲ್ಲ. 'ಡೋಣಿ ಬೆಳೆದರೆ ಓಣೆಲ್ಲ ಜೋಳ' ಎಂದು ಹಿರಿಯರು ಅಂದದ್ದು ವಿಜಯಪುರ ಜಿಲ್ಲೆಯ ಡೋಣಿ ನದಿ ದಂಡೆಯ ಕರಿಮಣ್ಣಿನ ಜೋಳ ನೋಡಿಯೇ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ್ದು ಫೆಬ್ರುವರಿ-ಮಾರ್ಚಿಗೆ ರಾಶಿಯಾಗುತ್ತದೆ. ಜೋಳ ಹಿಡಿಯಲು ಅದೇ ಸರಿಯಾದ ಹೊತ್ತು. ದಿನಕ್ಕೆ 10 ಕಿಲೋ, ತಿಂಗಳಿಗೆ 25 ದಿನ ಕೆಲಸ ಎಂದರೆ ತಿಂಗಳಿಗೆ ಎರಡೂವರೆ ಕ್ವಿಂಟಾಲ್ ಬೇಕು. ವರ್ಷದ್ದೆಲ್ಲ ಒಮ್ಮೆಲೇ ತರಲು ರೊಕ್ಕ, ಜಾಗ ಎರಡೂ ಇರದಿದ್ದರೆ ಮೂರು ತಿಂಗಳದ್ದಾದರೂ ಹಿಡಿಯಿರಿ. ವಾರವಾರ ಕಿರಾಣಿ ಅಂಗಡಿಯಿಂದ ತಂದರೆ ಒಂದೊಂದು ಸಲ ಒಂದೊಂದು ಜೋಳ ಬರುತ್ತದೆ, ರೊಟ್ಟಿಯೂ ಒಂದೊಂದು ತರಹ ಆಗುತ್ತದೆ.

ಕೊಳ್ಳುವಾಗ ನಾಲ್ಕು ಕಾಳು ಹಲ್ಲಲ್ಲಿ ಕಚ್ಚಿ ನೋಡಿ. ಕಟ್ ಎಂದು ಒಡೆಯಬೇಕು. ಮೆತ್ತಗೆ ಚಪ್ಪಟೆಯಾದರೆ ಒಳಗೆ ಹಸಿ ಇದೆ, ಚೀಲದಲ್ಲೇ ಕಾವು ಹಿಡಿಯುತ್ತದೆ. ಮನೆಗೆ ತಂದು ಎರಡು ದಿನ ಬಿಸಿಲಿಗೆ ಹರವಿ, ರಾತ್ರಿ ಪೂರ್ತಿ ಆರಿದ ಮೇಲೆಯೇ ಡಬ್ಬಿಗೋ ಚೀಲಕ್ಕೋ ತುಂಬಿ. ಬಿಸಿ ಇರುವಾಗ ತುಂಬಿದರೆ ಒಳಗೆ ಬೆವರುತ್ತದೆ, ನುಸಿ ಹತ್ತಲು ಅಷ್ಟೇ ಸಾಕು. ನಡುನಡುವೆ ಒಣಗಿದ ಬೇವಿನ ಎಲೆ ಹಾಕಿ. ಗೋದಾಮಿನಲ್ಲಿ ಕಾಳಿಗೆ ಇಡುವ ಗುಳಿಗೆ ಮನೆಯೊಳಗೆ ಬೇಡವೇ ಬೇಡ. ಅದರಿಂದ ಹೊರಡುವ ಗ್ಯಾಸು ಮಲಗಿದ ಮನುಷ್ಯರನ್ನೇ ಕೊಲ್ಲುತ್ತದೆ.

ಇನ್ನು ಗಿರಣಿ. ಹಸನು ಮಾಡಿದ ಜೋಳ ಎಷ್ಟೇ ಒಳ್ಳೆಯದಿದ್ದರೂ ಗಿರಣಿಯಲ್ಲಿ ಕೆಡಬಹುದು. ಕಲ್ಲು ಬಿಗಿ ಮಾಡಿ ಜೋರಾಗಿ ಓಡಿಸಿದರೆ ಹಿಟ್ಟು ಕೈ ಸುಡುವಷ್ಟು ಕಾಯ್ದು ಬರುತ್ತದೆ, ಜಿಗಿ, ಅಂದರೆ ಜಿಗುಟುತನ, ಹೋಗುತ್ತದೆ. ಗಿರಣಿಯವರಿಗೆ ಮೊದಲೇ ಹೇಳಿ: 'ಅಣ್ಣಾರ, ರೊಟ್ಟಿ ಮಾರೂದೈತ್ರಿ, ಸಾವಕಾಶ ಬೀಸ್ರಿ.' ನಿಮ್ಮ ಜೋಳ ಮತ್ತೊಬ್ಬರ ಜೋಳದ ಹಿಂದೆಯೇ ಬೀಳಬೇಕು. ಗೋಧಿ ಅಥವಾ ಕಡಲೆಬೇಳೆ ಬೀಸಿದ ಬೆನ್ನಿಗೆ ಹಾಕಿದರೆ ಮೊದಲ ಅರ್ಧ ಕಿಲೋ ಕಲಬೆರಕೆ. ಬೀಸಿದ ಹಿಟ್ಟನ್ನು ಬಟ್ಟೆಯ ಮೇಲೆ ಹರವಿ ಆರಿಸಿ. ಒಂದು ವಾರಕ್ಕೆ ಆಗುವಷ್ಟೇ ಬೀಸಿಸಿ, ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕಾಗುವಷ್ಟು. ಜೋಳದ ಕಾಳಿನ ಮೊಳಕೆ ಒಡೆಯುವ ಭಾಗದಲ್ಲಿ ಎಣ್ಣೆಯ ಅಂಶ ಇರುತ್ತದೆ. ಹಿಟ್ಟಾದ ಮೇಲೆ ಅದು ಗಾಳಿ ತಾಗಿ ಕಮಟು ವಾಸನೆ ಬರುತ್ತದೆ, ನಾಲಿಗೆಗೆ ಕಹಿ ಹತ್ತುತ್ತದೆ.

ಜೋಳದಲ್ಲಿ ಗೋಧಿಯ ಹಾಗೆ ಎಳೆಯುವ ಅಂಟಿಲ್ಲ. ಅದಕ್ಕೇ ಎಸರು ಬೇಕು. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಗಂಜಿ ಅರೆಬೆಂದು ಅದೇ ಅಂಟಾಗುತ್ತದೆ. ಕಿಲೋ ಹಿಟ್ಟಿಗೆ 800ರಿಂದ 900 ಮಿಲಿ ನೀರು ಬೇಕಾಗುತ್ತದೆ. ಹಳೆ ಜೋಳ ತುಸು ಹೆಚ್ಚು ಕುಡಿಯುತ್ತದೆ. ಪರಾತದ ನಡುವೆ ಕುಣಿ ಮಾಡಿ, ಮುಕ್ಕಾಲು ಪಾಲು ಎಸರು ಸುರಿದು, ಕಟ್ಟಿಗೆ ಸೌಟಿನಿಂದ ಕಲಸಿ ಎರಡು ನಿಮಿಷ ಮುಚ್ಚಿಡಿ. ಕೈ ತಡೆಯುವಷ್ಟು ಬಿಸಿ ಇರುವಾಗಲೇ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಬೇಕು. ಒಂದೇ ಸಲ ಮೂರು ಕಿಲೋ ನಾದಿ ಇಟ್ಟರೆ ಕಡೆಯ ಮುದ್ದೆ ಹೊತ್ತಿಗೆ ಹಿಟ್ಟು ತಣ್ಣಗಾಗಿ ಅಂಚು ಬಿರಿಯುತ್ತದೆ. ಒಂದು ಕಿಲೋ ಮುಗಿಸಿ ಮತ್ತೊಂದು ಕಿಲೋ ನಾದುವುದೇ ಒಳ್ಳೆಯದು. ಖಡಕ್ ರೊಟ್ಟಿಗೆ ಉಪ್ಪು ಹಾಕಬೇಡಿ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ರೊಟ್ಟಿ ಬೇಗ ಮೆತ್ತಗಾಗುತ್ತದೆ.

ಹಿಟ್ಟಿಗೆ ಜಿಗಿ ಇದೆಯೋ ಇಲ್ಲವೋ ಎಂಬುದು ಮೊದಲ ಮುದ್ದೆಯಲ್ಲೇ ಗೊತ್ತಾಗುತ್ತದೆ. ಅಂಗೈಯಗಲ ತಟ್ಟಿ ಅಂಚು ನೋಡಿ. ಸುತ್ತಲೂ ಸೀಳಿದರೆ ಎಸರು ಸಾಲದು, ಇಲ್ಲವೇ ಹಿಟ್ಟು ಹಳತು. ಎಸರು ಹೆಚ್ಚಿಸಿದರೂ ಸೀಳಿದರೆ ಹೊಸ ಹಿಟ್ಟು ಅರ್ಧಕ್ಕರ್ಧ ಬೆರೆಸಿ. ಜಿಗಿಗಾಗಿ ಜೋಳದ ಜೊತೆ ಮುಷ್ಟಿ ಉದ್ದು ಹಾಕಿ ಬೀಸುವವರಿದ್ದಾರೆ, ಗೋಧಿಹಿಟ್ಟು ಬೆರೆಸುವವರೂ ಇದ್ದಾರೆ. ಮನೆಯ ಊಟಕ್ಕೆ ಅದು ಅವರವರ ಇಷ್ಟ. ಮಾರುವ ರೊಟ್ಟಿಗೆ ಬೆರೆಸಿದರೆ ಹೇಳಿಯೇ ಮಾರಬೇಕು. ಗೋಧಿ ಒಗ್ಗದವರು ಜೋಳದ ರೊಟ್ಟಿ ಎಂದು ನಂಬಿಯೇ ಒಯ್ಯುತ್ತಾರೆ.

ಬಡಿಯುವ ಕೈಗೆ ಕಲಿಸುವಂಥದ್ದು ಬರಹದಲ್ಲಿ ಹೆಚ್ಚಿಲ್ಲ, ಅಳತೆಯ ಮಾತು ಮಾತ್ರ ಇದೆ. ಮುದ್ದೆಗಳನ್ನು ತೂಗಿ ಒಂದೇ ಸಮ ಮಾಡಿಕೊಳ್ಳಿ. ಕಿಲೋ ಹಿಟ್ಟಿಗೆ 16ರಿಂದ 18 ರೊಟ್ಟಿ ಬಂದರೆ ತೆಳುವಾಗಿಯೂ ಇರುತ್ತದೆ, ಎತ್ತುವಾಗ ಹರಿಯುವುದೂ ಇಲ್ಲ. ಒಂದು ತಾಟನ್ನು ಅಳತೆಗೆ ಇಟ್ಟುಕೊಂಡು ಎಲ್ಲ ರೊಟ್ಟಿಯೂ ಅದರ ಅಗಲಕ್ಕೇ ಬರಲಿ. ಮತ್ತೊಂದು ಮಾತು, ಇದು ಓಣಿಯವರಿಗಾಗಿ. ನಸುಕಿನ ಐದಕ್ಕೆ ಶುರುವಾಗುವ ಬಡಿತದ ಸಪ್ಪಳ ಜಂಟಿ ಗೋಡೆಯ ಆಚೆ ಮಲಗಿದ ಕೂಸನ್ನು ಎಬ್ಬಿಸುತ್ತದೆ. ಹಲಗೆಯ ಕೆಳಗೆ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಕಿ, ಜಂಟಿ ಗೋಡೆ ಬಿಟ್ಟು ಕೂರಿ. ಕಟ್ಟಿಗೆ ಒಲೆಯಾದರೆ ಹೊಗೆ ಯಾರ ಕಿಟಕಿಗೆ ಹೋಗುತ್ತದೆ ಎಂಬುದನ್ನೂ ಮೊದಲೇ ನೋಡಿ. ಇಂಥ ಸಣ್ಣ ಸಂಗತಿಗೇ ದೊಡ್ಡ ಜಗಳ ಆಗಿ ವ್ಯಾಪಾರ ನಿಲ್ಲುತ್ತದೆ.

ಹಂಚಿನ ಮೇಲಿನ ಒಂದು ರೊಟ್ಟಿಯನ್ನು ಗಮನವಿಟ್ಟು ನೋಡಿ. ಹಿಟ್ಟು ಉದುರಿಸಿದ ಮೈ ಮೇಲೆ ಬರುವಂತೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ನೀರು ಸವರಬೇಕು, ಅಂಚಿನವರೆಗೂ. ನೀರಿನ ಹೊಳಪು ಇರುತ್ತದೆ, ನಂತರ ಮಂಕಾಗುತ್ತದೆ, ಇನ್ನೂ ತೇವ ಇದೆ ಅನ್ನುವಾಗಲೇ ತಿರುವಿ ಹಾಕಬೇಕು. ಹೊಳಪಿರುವಾಗಲೇ ತಿರುವಿದರೆ ಹಂಚಿಗೆ ಅಂಟುತ್ತದೆ. ಪೂರ್ತಿ ಒಣಗಲು ಬಿಟ್ಟರೆ ಮೈಯೆಲ್ಲ ಬಿರುಕು. ತಿರುವಿದ ಮೇಲೆ ಅರಿವೆಯಿಂದ ಅಂಚು ಒತ್ತುತ್ತ ಸುತ್ತಿದರೆ ಉಗಿ ನಡುವೆ ಸೇರಿ ಉಬ್ಬುತ್ತದೆ. ಉಬ್ಬದೆ ಹೋದರೆ ಎಲ್ಲೋ ಸಣ್ಣ ತೂತು ಬಿದ್ದು ಉಗಿ ಹೊರಗೆ ಹೋಗುತ್ತಿದೆ, ಇಲ್ಲವೇ ನಡುವೆ ತೆಳು, ಅಂಚು ದಪ್ಪ ಆಗಿದೆ. ಕರಿ ಚುಕ್ಕೆ ಬಿದ್ದು ಒಳಗೆ ಹಸಿ ಉಳಿದರೆ ಹಂಚು ಅತಿಯಾಗಿ ಕಾಯ್ದಿದೆ. ಉರಿ ಇಳಿಸಿ, ಹಂಚಿನ ಮೇಲೆ ಉದುರಿದ ಹಿಟ್ಟು ಒರೆಸಿ. ಸುಟ್ಟ ಹಿಟ್ಟೇ ಮುಂದಿನ ರೊಟ್ಟಿಗೆ ಕಹಿ ಕೊಡುವುದು.

ಮೆತ್ತನೆ ರೊಟ್ಟಿ ಇಲ್ಲಿಗೆ ಮುಗಿಯಿತು, ಅದನ್ನು ಅದೇ ದಿನ ಮಾರಬೇಕು. ಖಡಕ್ ಮಾಡಲು ಎರಡನೇ ಹಂಚು ಬೇಕು. ಸಣ್ಣ ಉರಿಯಲ್ಲಿ ಅರಿವೆಯಿಂದ ಒತ್ತಿ ಒತ್ತಿ ಎರಡೂ ಮೈ ಒಣಗಿಸಿ, ಆಮೇಲೆ ಒಲೆಯ ಬದಿಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸುವುದು ಪೂರ್ತಿ ತಣ್ಣಗಾದ ಮೇಲೆಯೇ. ಅವಸರಕ್ಕೆ ಬಿಸಿಬಿಸಿ ಪೇರಿಸಿದರೆ ನಡುವಿನ ರೊಟ್ಟಿ ಬೆವರಿ, ನಾಲ್ಕನೇ ದಿನ ಕವರಿನೊಳಗೆ ಹಸಿರು ಬೂಸರು ಕಾಣುತ್ತದೆ. ಗಿರಾಕಿ ಅದನ್ನು ಮರೆಯುವುದಿಲ್ಲ. ಎತ್ತಿ ಮುರಿದಾಗ ನಡುವಿನ ತುಂಡೂ ಅಂಚಿನಷ್ಟೇ ಟಪ್ ಎಂದರೆ ಕವರಿಗೆ ಹಾಕಬಹುದು. ಹೀಗೆ ಒಣಗಿದ್ದು ತಿಂಗಳು ಇರುತ್ತದೆ. ಮಳೆಗಾಲದಲ್ಲಿ ಕಟ್ಟುವ ದಿನ ಬೆಳಿಗ್ಗೆ ಮತ್ತೊಮ್ಮೆ ಹಂಚಿಗೆ ತೋರಿಸಿ ಆರಿಸಿ ಕಟ್ಟಿ.

ಈಗ ಲೆಕ್ಕ. ಪುಸ್ತಕ ಹಿಡಿದು ಕೂರಬೇಕಾದ ಜಾಗ ಇದು. 2025-26ಕ್ಕೆ ಮಾಲದಂಡಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 3,749 ರೂಪಾಯಿ ಇತ್ತು. ಹಸನಾದ ಜೋಳ ಕಿಲೋಗೆ 50 ಬಿತ್ತು ಎಂದೇ ಹಿಡಿಯೋಣ. 10 ಕಿಲೋಗೆ 500. ಬೀಸಲು 50. ಗ್ಯಾಸಿಗೆ 120, ವ್ಯಾಪಾರಕ್ಕೆ ಮನೆಯ 14.2 ಕಿಲೋ ಸಿಲಿಂಡರ್ ಬಳಸುವಂತಿಲ್ಲ, 19 ಕಿಲೋದ ಕಮರ್ಷಿಯಲ್ಲೇ ಬೇಕು. ಕವರಿಗೆ 30. ಒಟ್ಟು 700. ಬಂದ 170 ರೊಟ್ಟಿಯಲ್ಲಿ 10 ಮುರಿದು ಹೋದರೆ ಮಾರಲು ಉಳಿದದ್ದು 160. ಓಣಿಯಲ್ಲಿ ಐದು ರೂಪಾಯಿಗೆ ಒಂದರಂತೆ ಕೊಟ್ಟರೆ ಕೈಗೆ 800. ಅಂದರೆ ಆರು ತಾಸು ಉರಿಯ ಮುಂದೆ ಕೂತಿದ್ದಕ್ಕೆ 100 ರೂಪಾಯಿ! ಹೊಲಕ್ಕೆ ಕಳೆ ತೆಗೆಯಲು ಹೋದರೂ ಇದಕ್ಕಿಂತ ಹೆಚ್ಚು ಸಿಗುತ್ತದೆ. ಆ ಆರು ತಾಸಿಗೆ 400 ಕೂಲಿ ಹಿಡಿಯಿರಿ, ಖರ್ಚು 1,100 ಆಗುತ್ತದೆ, ರೊಟ್ಟಿಗೆ ಸುಮಾರು ಏಳು ರೂಪಾಯಿ ಬೀಳುತ್ತದೆ. ಎಂಟಕ್ಕೆ ಮಾರಿದರೆ 1,280, ಕೂಲಿ ಕಳೆದು 180 ಉಳಿಯುತ್ತದೆ. ಹಂಚು ಸವೆಯುವುದಕ್ಕೆ, ಗಿರಾಕಿ ಬಾರದ ದಿನಕ್ಕೆ ಆ 180 ಬೇಕು. ನಿಮ್ಮೂರಿನ ದರ ಹಾಕಿ ಇದೇ ಲೆಕ್ಕ ಮಾಡಿ. ಕೂಲಿಯ ಸಾಲನ್ನು ಮಾತ್ರ ಅಳಿಸಬೇಡಿ. 'ಮನೀ ಕೆಲಸಾ ಅಲ್ಲೇನು, ಅದಕ್ಕೇನ ಕೂಲಿ' ಎನ್ನುವವರು ಮನೆಯೊಳಗೇ ಇರುತ್ತಾರೆ. ಅವರ ಮುಂದೆಯೇ ಈ ಲೆಕ್ಕ ಬರೆದು ತೋರಿಸಿ.

ಉದ್ರಿ ಇಲ್ಲದೆ ಓಣಿಯಲ್ಲಿ ವ್ಯಾಪಾರ ಆಗುವುದಿಲ್ಲ, ಹಾಗೆಂದು ಮಿತಿ ಇಲ್ಲದೆ ಕೊಟ್ಟರೂ ಆಗುವುದಿಲ್ಲ. ಮನೆಗೊಂದು ಹಾಳೆ ಇರುವ ವಹಿ ಇಡಿ. ತಾರೀಖು, ಎಷ್ಟು ರೊಟ್ಟಿ, ಎಷ್ಟು ರೊಕ್ಕ ಬಂತು, ಹಾಳೆಯಲ್ಲಿ ಮೂರೇ ಕಾಲಂ ಸಾಕು. ಒಯ್ಯುವವರ ಎದುರಿಗೇ ಬರೆಯಿರಿ. ಸಂಜೆ ನೆನೆಸಿಕೊಂಡು ಬರೆದದ್ದೇ ಜಗಳಕ್ಕೆ ಬೀಜ. ಒಂದು ಮನೆಗೆ 300 ರೂಪಾಯಿಯ ಮಿತಿ ಇರಲಿ, ವಸೂಲಿಗೆ ಪಗಾರ ಆಗುವ ವಾರದಲ್ಲಿ ಒಂದು ತಾರೀಖು ಗೊತ್ತು ಮಾಡಿ. ಬಾಕಿ ಕೇಳುವುದು ಅವರ ಮನೆಯಲ್ಲಿ ಬೀಗರು ಕೂತಾಗ ಅಲ್ಲ, ನಳದ ಹತ್ತಿರ ನಾಲ್ಕು ಮಂದಿಯ ಮುಂದೆಯೂ ಅಲ್ಲ. ಒಬ್ಬರೇ ಇರುವಾಗ, 'ವೈನಿ, ನಾಳೆ ಜೋಳಾ ತರಬೇಕ್ರಿ, ನಿಮ್ಮದಷ್ಟ ಕೊಟ್ಟಬಿಡ್ರಿ' ಎಂದರೆ ಸಾಕು. ಜೋಳದ ಹೆಸರಿನಲ್ಲಿ ಕೇಳಿದರೆ ಕೊಡುವವರಿಗೂ ಅವಮಾನ ಅನ್ನಿಸುವುದಿಲ್ಲ.

ಕೆಲವರು ತಮ್ಮದೇ ಜೋಳ ತಂದು ಕೂಲಿಗೆ ಮಾಡಿಸುತ್ತಾರೆ. ಅವರ ಮುಂದೆಯೇ ತೂಗಿ, ಚೀಲಕ್ಕೆ ಹೆಸರಿನ ಚೀಟಿ ಕಟ್ಟಿ, ಬೇರೆಯಾಗಿಯೇ ಬೀಸಿಸಿ. ಬೀಸುವಾಗ, ಜರಡಿ ಹಿಡಿಯುವಾಗ ತುಸು ತೂಕ ಕಡಿಮೆಯಾಗುತ್ತದೆ ಎಂಬುದನ್ನು ಮೊದಲೇ ಹೇಳಿ. ನಂತರ ಹೇಳಿದರೆ ನೆಪ ಆಗುತ್ತದೆ.

ದೊಡ್ಡ ಆರ್ಡರು ಬರುವುದು ಸಂಕ್ರಾಂತಿ ಹೊತ್ತಿನ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ, ಮದುವೆಗೆ, ಮನೆ ಶಾಂತಿಗೆ. ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕೇಳುತ್ತಾರೆ. ಸಜ್ಜಿ ಹಿಟ್ಟು ಜೋಳಕ್ಕಿಂತ ಬೇಗ ಕಹಿಯಾಗುತ್ತದೆ, ಎರಡು ದಿನದ ಮುಂಚೆ ಬೀಸಿಸಿದರೆ ಸಾಕು. 1,000 ರೊಟ್ಟಿ ಒಂದು ಹಂಚಿನಲ್ಲಿ ಒಬ್ಬರಿಗೆ ಆರು ದಿನದ ಕೆಲಸ. ಆದ್ದರಿಂದ ಓಣಿಯ ನಾಲ್ಕೈದು ಮಂದಿಗೆ ಹಂಚಬೇಕಾಗುತ್ತದೆ. ಹಂಚುವಾಗ ಜೋಳ ಅವರವರದ್ದು ಬೇಡ. ಹಿಟ್ಟು ನೀವೇ ತೂಗಿ ಕೊಡಿ, ಅಳತೆಯ ತಾಟು ಕೊಡಿ, ಕಿಲೋಗೆ ಎಷ್ಟು ರೊಟ್ಟಿ ಬರಬೇಕು ಎಂದು ಹೇಳಿ, ಕೂಲಿ ರೊಟ್ಟಿಯ ಲೆಕ್ಕದಲ್ಲಿ ಅಂದೇ ಕೊಡಿ. ಆರ್ಡರು ಕೊಟ್ಟವರಿಂದ ಅರ್ಧ ರೊಕ್ಕ ಮುಂಗಡ ಹಿಡಿಯಿರಿ, ಸ್ವಂತ ಸೋದರತ್ತೆ ಆದರೂ ಸರಿ. ಮದುವೆ ಮುಂದಕ್ಕೆ ಹೋದರೆ ಸಾವಿರ ರೊಟ್ಟಿ ನಿಮ್ಮ ಮನೆಯಲ್ಲೇ ಉಳಿಯುತ್ತದೆ.

ಕಾಗದಪತ್ರ ಹೆಚ್ಚಿಲ್ಲ. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ನೋಂದಣಿಗೆ ಸಣ್ಣ ವ್ಯಾಪಾರದವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಬರುವ 14 ಅಂಕಿಯ ನಂಬರನ್ನು ಕವರಿನ ಮೇಲೆ ಹಾಕಿ. ಜೊತೆಗೆ ಏನೇನು ಹಾಕಿದ್ದೀರಿ, ತೂಕ, ಮಾಡಿದ ತಾರೀಖು, ಎಲ್ಲಿಯವರೆಗೆ ತಿನ್ನಬಹುದು, ವಿಳಾಸ, ಹಸಿರು ಚುಕ್ಕೆ ಇರಲಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಇದೆ, ಅದಕ್ಕೆ ಒಂದು ಪೈಸೆಯೂ ಇಲ್ಲ, ಮಾಡಿಸಿಕೊಡುತ್ತೇವೆಂದು ಸಾವಿರ ಕೇಳುವವರಿಗೆ ಕೊಡಬೇಡಿ. ರೊಟ್ಟಿ ಯಂತ್ರಕ್ಕೆ ಸಾಲ ತೆಗೆಯುವ ಮುನ್ನ ದಿನಕ್ಕೆ 500 ರೊಟ್ಟಿಗೆ ಖಾಯಂ ಗಿರಾಕಿ ಇದ್ದಾರೆಯೇ ನೋಡಿಕೊಳ್ಳಿ. ಖಾನಾವಳಿ ಎರಡು ಗಟ್ಟಿಯಾಗಿ ಸಿಕ್ಕರೆ ಯಂತ್ರದ ಮಾತು. ಅಲ್ಲಿಯವರೆಗೆ ಎರಡನೇ ಹಂಚು, ಎರಡನೇ ಕೈ ಸಾಕು.

ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದರೆ ಚಟ್ನಿಪುಡಿ) ಇಟ್ಟರೆ ಒಂದಕ್ಕೆ ಬಂದವರು ಎರಡು ಒಯ್ಯುತ್ತಾರೆ. ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಕುಟ್ಟಿ. ಬಿಸಿ ಕುಟ್ಟಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೆಂಗಳೂರಿನಲ್ಲಿ ಓದುವ ಮಕ್ಕಳಿಗೆ ಕಳಿಸುವ ತಾಯಂದಿರು ಒಳ್ಳೆಯ ಗಿರಾಕಿಗಳು. ಅವರಿಗೆ ಹತ್ತತ್ತರ ಕಟ್ಟು ಮಾಡಿ, ಗಟ್ಟಿ ರಟ್ಟಿನ ಡಬ್ಬಿಯಲ್ಲಿ ರೊಟ್ಟಿ ಅಡ್ಡ ಮಲಗಿಸಿ, ಸಂದಿಗೆಲ್ಲ ಅಚ್ಚಿಲ್ಲದ ಖಾಲಿ ಕಾಗದ ತುರುಕಿ ಕೊಡಿ. ಅಲುಗಾಡಿದಷ್ಟೂ ಮುರಿಯುತ್ತದೆ. ಮನೆಯಲ್ಲೇ ಮುರಿದ ಚೂರನ್ನು ಕಟ್ಟಿನೊಳಗೆ ಅಡಗಿಸಬೇಡಿ, ಬೇರೆ ಕವರಿಗೆ ಹಾಕಿ ತೂಕದ ಮೇಲೆ ಅರ್ಧ ದರಕ್ಕೆ ಇಡಿ. ಮಜ್ಜಿಗೆಯಲ್ಲಿ ನೆನೆಸಿ ಉಣ್ಣುವವರು, ಒಗ್ಗರಣೆ ಹಾಕುವವರು ಅದನ್ನೇ ಕೇಳಿಕೊಂಡು ಬರುತ್ತಾರೆ.