ಡಿವಿಡಿ ಸೈಜ್ ಮೀರಿತಾ? ಮೊದಲು ಆಡಿಯೋ ನೋಡಿ

ಮದುವೆ, ಶರಣಬಸವೇಶ್ವರ ಜಾತ್ರೆಯ ವಿಡಿಯೋ ಡಿವಿಡಿಗೆ ಹಾಕಿಕೊಡುವ ಕಲಬುರಗಿ ಗೆಳೆಯರಿಗೆ: ಫೈಲ್ ಲೆಕ್ಕಕ್ಕಿಂತ ದೊಡ್ಡದಾಗಿ ಬಂದರೆ ಸುಮ್ನೆ ವಿಡಿಯೋ ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ) ಇಳಿಸಬೇಡಿ, ಮೊದಲು ಆಡಿಯೋವನ್ನು ಪಿಸಿಎಂನಿಂದ (ಕುಗ್ಗಿಸದ ಸದ್ದು) ಎಸಿ-3ಗೆ (ಕುಗ್ಗಿಸಿದ ಸದ್ದು) ಬದಲಿಸಿ, 192 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ಇಡಿ. ಪಿಸಿಎಂ ಸ್ಟೀರಿಯೋ ಸೆಕೆಂಡಿಗೆ 1536 ಕಿಲೋಬಿಟ್ ತಿನ್ನುತ್ತದೆ. ಎರಡು ಗಂಟೆಗೆ ಬರೀ ಸದ್ದಿಗೇ 1.38 ಜಿಬಿ ಹೋಯ್ತು. ಎಸಿ-3 ಆದರೆ 0.17 ಜಿಬಿ ಅಷ್ಟೇ, ಚಿತ್ರಕ್ಕೆ ಏನೂ ಆಗುವುದಿಲ್ಲ. ಇನ್ನೊಂದು, 4.7 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 4.37 ಅಂತಲೇ ಕಾಣುತ್ತದೆ. ಅಲ್ಲಿ 4.5 ತೋರಿಸುವ ಫೈಲ್ ಹಿಡಿಯುವುದಿಲ್ಲ. ಆಡಿಯೋ ಆಗಲೇ ಎಸಿ-3 ಇದ್ದರೆ ಈ ಉಪಾಯ ನಡೆಯಲ್ಲ. ಆಗ ಎನ್‌ಕೋಡರ್ (ವಿಡಿಯೋ ಕುಗ್ಗಿಸುವ ಸಾಫ್ಟ್‌ವೇರ್) ಸ್ಥಿರ ಗುಣಮಟ್ಟದ ಮೋಡ್‌ನಲ್ಲಿದೆಯಾ ನೋಡಿ. ಆ ಮೋಡ್‌ನಲ್ಲಿ ಸೈಜ್ ನಮ್ಮ ಕೈಯಲ್ಲಿರಲ್ಲ. ತೇರು ಎಳೆಯುವಾಗ ಸಾವಿರಾರು ತಲೆ ಅಲ್ಲಾಡುತ್ತವೆ, ಮೇಲೆ ಬಾಳೆಹಣ್ಣು ಹಾರುತ್ತವೆ, ಧೂಳು ಬೇರೆ. ಪ್ರತಿ ಫ್ರೇಮೂ ಹೊಸದಾಗಿರುವುದರಿಂದ ಬಿಟ್ ಜಾಸ್ತಿ ಬೇಕು. ಅದಕ್ಕೆ ಟೂ-ಪಾಸ್ ವಿಬಿಆರ್ (ವಿಡಿಯೋವನ್ನು ಎರಡು ಸಲ ಓದಿ, ಬೇಕಾದಲ್ಲಿ ಮಾತ್ರ ಹೆಚ್ಚು ಬಿಟ್ ಕೊಡುವ ವಿಧಾನ) ಆರಿಸಿ, ಎರಡು ಗಂಟೆಗೆ ವಿಡಿಯೋ ಸರಾಸರಿ 4.8 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಕೊಡಿ, ಸರಿಯಾಗಿ ಕೂರುತ್ತದೆ. ಟೈಮ್‌ಲೈನ್ ಕೊನೆಯಲ್ಲಿ ಚೂರು ಕ್ಲಿಪ್ ಉಳಿದು ಕಪ್ಪು ಪರದೆಯೂ ಎನ್‌ಕೋಡ್ ಆಗುತ್ತಿದೆಯಾ ಅಂತಲೂ ನೋಡಿಕೊಳ್ಳಿ. ಮೂರು ಗಂಟೆಯ ಜಾತ್ರೆ ವಿಡಿಯೋವನ್ನು ಮಾತ್ರ ಒಂದೇ ಡಿಸ್ಕ್‌ಗೆ ತುರುಕಬೇಡಿ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಎರಡು ಡಿಸ್ಕ್ ಮಾಡಿ ಕೊಡಿ.